ಹಲಗೆಯ ಮೇಲಿನ ಕಚ್ಚು

ಚಿಕ್ಕವನಿದ್ದಾಗ ಹುರಿದ ಪಾಪ್ಲೆಟ್ ಮೀನಿನ ಬಾಲ ನನ್ನ ತಟ್ಟೆಯಿಂದ ಹೊರಗೆ ಚಾಚಿಕೊಂಡಿರುತ್ತಿತ್ತು ಎಂದು ನಂಬಿದ್ದೇನೆ. ನಂಬಿಕೆ ಎಷ್ಟು ಗಟ್ಟಿ ಎಂದು ಕೇಳಿದರೆ ಹೇಳಲಾರೆ. ಸಂಖ್ಯಾಶಾಸ್ತ್ರ ಓದಿದವನು ನಾನು. ಇಲ್ಲಿರುವುದು ಒಬ್ಬನೇ ಸಾಕ್ಷಿ, ಅವನೂ ಏಳು ವರ್ಷದವನು, ಹಸಿದವನು. ತಟ್ಟೆಯೇ ಸಣ್ಣದಿದ್ದಿರಬಹುದು.

ನಮ್ಮ ಮನೆಗೆ ಮೊದಲಿನಿಂದಲೂ ಮೀನು ಬರುವುದು ಹಡಪಸರದ ಮಾರುಕಟ್ಟೆಯ ಒಂದೇ ಅಂಗಡಿಯಿಂದ. ಈಗ ಅಲ್ಲಿ ಕೂರುವವಳು ಕಾರವಾರ ಕಡೆಯ ಹೆಂಗಸು, ಮೊದಲು ಅವಳ ಅತ್ತೆ ಕೂರುತ್ತಿದ್ದಳು. ಮೀನು ಕೊಯ್ಯುವ ಹುಣಸೆ ಮರದ ಹಲಗೆ ಅತ್ತೆಯದೇ. ಅದರ ಅಂಚಿನಲ್ಲಿ ಅವಳು ಕೊರೆದ ಒಂದು ಕಚ್ಚು ಇದೆ. ಹಲಗೆಯ ತುದಿಗೆ ತಲೆಯಿಟ್ಟರೆ ಬಾಲ ಆ ಕಚ್ಚನ್ನು ಮುಟ್ಟದ ಪಾಪ್ಲೆಟ್ಟನ್ನು ಅತ್ತೆ ದಲಾಲಿಯಿಂದ ಕೊಳ್ಳುತ್ತಲೇ ಇರಲಿಲ್ಲ. ಅಷ್ಟು ಸಣ್ಣದು ಒಮ್ಮೆಯೂ ಮೊಟ್ಟೆ ಇಟ್ಟಿರುವುದಿಲ್ಲ ಎನ್ನುತ್ತಿದ್ದಳು.

ಕಳೆದ ಭಾನುವಾರ ಸೊಸೆಯ ಬುಟ್ಟಿಯಲ್ಲಿದ್ದವು ಅಂಗೈಯಗಲದವು. ನಾನು ತಟ್ಟೆಯ ಕತೆ ಹೇಳಿದೆ.

"ಆಗ ನೀವೆಷ್ಟ ಇದ್ರಿ ಸಾಹೇಬ್ರ? ಸಣ್ಣವರಿಗೆ ಹಪ್ಪಳನೂ ಪರಾತದಷ್ಟ ದೊಡ್ಡದ ಕಾಣ್ತದ," ಎಂದು ನಕ್ಕಳು.

ಅದು ನನ್ನದೇ ಅನುಮಾನ. ಆದರೆ ಹಲಗೆಗೆ ಹಸಿವಿರಲಿಲ್ಲವಲ್ಲ. "ಒಂದನ್ನ ಕಚ್ಚಿಗೆ ಹಿಡೀರಿ, ನೋಡೂಣು," ಎಂದೆ.

ಅವಳ ನಗು ನಿಂತಿತು. ಮೀನು ಇಟ್ಟಳು. ಬಾಲ ಕಚ್ಚಿಗೆ ನಾಲ್ಕು ಬೆರಳು ಕಡಿಮೆ. ಬುಟ್ಟಿಯಲ್ಲಿ ಕೈಯಾಡಿಸಿ ಇನ್ನೂ ದೊಡ್ಡದೊಂದನ್ನು ಇಟ್ಟಳು. ಮೂರು ಬೆರಳು.

"ಕಚ್ಚಿನ ಮಾತ ಕೇಳಿದ್ರ ನಾ ಅಂಗಡಿ ಮುಚ್ಚಬೇಕ್ರಿ. ದಲಾಲಿ ಕಡೆ ಬರೂವ ಇಷ್ಟ. ಅಪರೂಪಕ್ಕ ದೊಡ್ಡವು ಬಂದ್ರ ಹೋಟೆಲ್‌ನವರು ಎತ್ಕೊಂಡ ಹೋಗ್ತಾರ. ನಮ್ಮ ಅತ್ತಿ ಇದ್ದಿದ್ರ ಮುಚ್ಚತಿದ್ಳು."

"ನೀವು?"

"ನನಗ ಬ್ಯಾರೆ ಏನ್ ಬರ್ತದ್ರಿ?"

ಒಂದರ ಹೊಟ್ಟೆ ಸೀಳಿ ತೋರಿಸಿದಳು. ಮೊಟ್ಟೆ ಇರಲಿಲ್ಲ. ಬೇಡ ಎನ್ನಬಹುದಿತ್ತು. ನಾಲ್ಕು ಕೊಂಡೆ.

ಈ ಭಾನುವಾರ ಹೋದಾಗ ಹಲಗೆಯ ಅಂಚಿನಲ್ಲಿ ಹೊಸ ಕಚ್ಚು ಕಂಡಿತು, ಹಳೆಯದಕ್ಕಿಂತ ನಾಲ್ಕು ಬೆರಳು ಈಚೆಗೆ, ಮೀನಿನ ತಲೆಯಿಡುವ ತುದಿಯ ಕಡೆ. ಕೊರೆದ ಜಾಗದಲ್ಲಿ ಮರ ಇನ್ನೂ ಬಿಳಿಯಾಗಿತ್ತು. ಹಳೆಯದಕ್ಕೆ ಮೇಣ ತುಂಬಿದ್ದಳು.

"ಈಗ ಎಲ್ಲಾ ಮುಟ್ತಾವ ನೋಡ್ರಿ," ಎಂದಳು, ನನ್ನ ಮುಖ ನೋಡದೆ.

ಉಗುರಿನಿಂದ ಮೇಣ ಒತ್ತಿ ನೋಡಿದೆ. ಹಳೆಯ ಕಚ್ಚು ಅಲ್ಲೇ ಇತ್ತು. ಆದರೆ ಮನೆ ಮುಟ್ಟುವಷ್ಟರಲ್ಲಿ, ಹಳೆಯ ಹೊಸ ಕಚ್ಚುಗಳ ನಡುವೆ ಇದ್ದದ್ದು ನಾಲ್ಕು ಬೆರಳೋ ಎರಡೋ ಎಂದು ಅನುಮಾನ ಶುರುವಾಗಿತ್ತು.