ಮದುವೆ ಯಾವಾಗ ಆಯಿತು?

ಕೆಮ್ಮಿಗೆಂದು ಮೊನ್ನೆ ಜೀರಿಗೆ ಬೆಲ್ಲ ಜಜ್ಜುತ್ತಿದ್ದೆ. ಮಿಕ್ಸಿಗೆ ಹಾಕಿದರೆ ಜೀರಿಗೆಯ ವಾಸನೆ ಸತ್ತೇ ಹೋಗುತ್ತದೆ, ಹಾಗಾಗಿ ಸಣ್ಣ ಒರಳಿನಲ್ಲೇ ಹಾಕಿಕೊಂಡು ಕೂತಿದ್ದೆ. ನಾಲ್ಕು ಏಟು ಬೀಳುತ್ತಲೇ ಘಮ್ಮೆಂದಿತು. ಕೈ ಹಾಗೇ ನಿಂತುಬಿಟ್ಟಿತು. ದೇಶನೂರಿನ ಭತ್ತದ ಗದ್ದೆಗಳ ನಡುವೆ ಹಾಕಿದ ಒಂದು ಚಪ್ಪರ, ಮದುಮಕ್ಕಳ ನಡುವೆ ಹಿಡಿದ ತೆರೆ, ಆ ತೆರೆಯ ಪಕ್ಕದಲ್ಲೇ ಕೊಕ್ಕರೆಯ ಹಾಗೆ ಕತ್ತು ಚಾಚಿ ನಿಂತ ನಮ್ಮ ಪಕ್ಕದ ಮನೆಯ ಮೇಷ್ಟ್ರು! ಒಬ್ಬಳೇ ಕೂತು ನಕ್ಕೆ. ನಕ್ಕಿದ್ದಕ್ಕೆ ಕೆಮ್ಮು ಇನ್ನೂ ಜಾಸ್ತಿಯಾಯಿತು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮ ಮನೆಗೆ ಒಂದು ಕಡೆ ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದವರ ಮನೆ, ಇನ್ನೊಂದು ಕಡೆ ಮೇಷ್ಟ್ರ ಮನೆ. ನಾವು ಲಿಂಗಾಯತರು, ಖಾಲಾ ಮುಸಲ್ಮಾನರು, ಮೇಷ್ಟ್ರು ಕೆಲವು ವರ್ಷಗಳ ಹಿಂದಷ್ಟೇ ಬೌದ್ಧರಾಗಿದ್ದವರು. ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು. ಮಗಳು ನನ್ನ ಓರಗೆಯವಳು, ಪಿಯುಸಿಯಲ್ಲಿ ನನ್ನ ಪಕ್ಕವೇ ಕೂರುತ್ತಿದ್ದಳು. ಮೇಷ್ಟ್ರು ದಿನಾ ಸಂಜೆ ನಮ್ಮ ಕಟ್ಟೆಗೆ ಬಂದು ಅಜ್ಜಿಯ ಜೊತೆ ವಾದಕ್ಕೆ ಕೂರುತ್ತಿದ್ದರು. ಒಳಗೆ ಬಾ ಎಂದು ಅಜ್ಜಿ ಅನ್ನಲಿಲ್ಲ, ಬರುತ್ತೇನೆ ಎಂದು ಅವರೂ ಅನ್ನಲಿಲ್ಲ. ಆದರೆ ಕಟ್ಟೆಯ ಮೇಲಿನ ಆ ವಾದ ಇಲ್ಲದಿದ್ದರೆ ಇಬ್ಬರಿಗೂ ಉಂಡ ಅನ್ನ ಅರಗುತ್ತಿರಲಿಲ್ಲ.

ಆ ವರ್ಷ ಈ ಗೆಳತಿಗೆ ಕುರುಗೋಡಿನ ಕಡೆಯ ಒಬ್ಬ ಹುಡುಗ ಗೊತ್ತಾದ. ಮೇಷ್ಟ್ರ ದೂರದ ನೆಂಟರೇ. ಹುಡುಗನೂ ಒಳ್ಳೆಯವನು, ಕರೆಂಟಿನ ಆಫೀಸಿನಲ್ಲಿ ಕೆಲಸ. ಮದುವೆ ಬೌದ್ಧ ರೀತಿಯಲ್ಲೇ ಆಗಬೇಕೆಂದು ಮೇಷ್ಟ್ರ ಹಟ. ಹಾಗಂದರೆ ಹೇಗೆ ಎಂದು ಕೇಳಿದರೆ, ಯಾವಾಗಲೋ ಊರಿಗೆ ಬಂದಿದ್ದ ಭಿಕ್ಕುಗಳೊಬ್ಬರು ಹೇಳಿದ್ದಷ್ಟೇ ಅವರಿಗೆ ಗೊತ್ತಿತ್ತು: ಬುದ್ಧನ ಮುಂದೆ ಮೇಣದಬತ್ತಿ, ಮೂರು ಶರಣ, ಐದು ಶೀಲ, ಆಮೇಲೆ ಮಾಲೆ. ಕುರುಗೋಡಿನ ಹಿರಿಯರು ಮುಖ ಮುಖ ನೋಡಿಕೊಂಡರಂತೆ. "ಹೋಮ ಇಲ್ಲ, ತಾಳಿ ಇಲ್ಲ. ನಾಳೆ ಯಾರರ ಇದು ಮದಿವಿನಾ ಅಲ್ಲ ಅಂದ್ರ ಏನ್ ಹೇಳೂದು?" ಎಂದು ಹುಡುಗನ ಅಪ್ಪ ಕೇಳಿದ್ದರು.

ಬೇರೆಯವರಾಗಿದ್ದರೆ ಬೇಸರ ಮಾಡಿಕೊಳ್ಳುತ್ತಿದ್ದರು. ನಮ್ಮ ಮೇಷ್ಟ್ರಿಗೆ ಹಬ್ಬ! ಬಸ್ಸಿಳಿದವರು ಮನೆಗೂ ಹೋಗದೆ ಸೀದಾ ನಮ್ಮ ಕಟ್ಟೆಗೆ ಬಂದರು. "ಅಮ್ಮಾರ, ಮದಿವಿ ಅನ್ನೂದು ಯಾವ ಹೊತ್ತಿನ್ಯಾಗ ಮದಿವಿ ಆಗ್ತೈತಿ? ಅದಕ್ಕ ಒಂದು ಕ್ಷಣ ಇರಬೇಕಲ್ಲ? ಎಲ್ಲಾರ ಮದಿವಿ ನೋಡ್ತೀನಿ. ಆ ಕ್ಷಣ ಹಿಡಿತೀನಿ. ಅದು ನಮ್ಮದರಾಗೂ ಇದ್ರ ಯಾವನು ಅಲ್ಲ ಅಂತಾನ ನೋಡೋಣು!" ಎಂದರು. ಅಜ್ಜಿ ಅಡಿಕೆ ಕತ್ತರಿಸುವುದನ್ನು ಬಿಟ್ಟು ಅವರನ್ನೇ ನೋಡಿದಳು.

ಅರ್ಧ ಬಳ್ಳಾರಿಯ ಮಕ್ಕಳಿಗೆ ಅಕ್ಷರ ಕಲಿಸಿದವರು ಅವರು. ಆಮಂತ್ರಣಕ್ಕೆ ಬರವಿರಲಿಲ್ಲ. ನನ್ನನ್ನೂ ಗೆಳತಿಯನ್ನೂ ಕರೆದುಕೊಂಡು ಮದುವೆ ಮದುವೆ ಸುತ್ತತೊಡಗಿದರು. ನಮಗಂತೂ ಸ್ವರ್ಗಕ್ಕೆ ಮೂರೇ ಗೇಣು. ಊಟಕ್ಕೆ ಊಟ, ನೋಡುವುದಕ್ಕೆ ಸೀರೆ, ತಮಾಷೆಗೆ ಮೇಷ್ಟ್ರು!

ಮೊದಲನೆಯದು ನಮ್ಮ ಮನೆಯದೇ, ಅಣ್ಣನ ಮದುವೆ. ಐದು ಕಳಸ ಇಟ್ಟು ಶಾಸ್ತ್ರ ನಡೆಯುತ್ತಿದ್ದಾಗ ಮೇಷ್ಟ್ರು ಚಪ್ಪರದ ಕಂಬ ಹಿಡಿದು ನಿಂತು, ಬಂದವರನ್ನೆಲ್ಲ ಕೇಳಿದ್ದೇ ಕೇಳಿದ್ದು. "ಆತೇನ್ರಿ? ಈಗ ಆತೇನು?" ಅಕ್ಕಿಕಾಳು ಬಿದ್ದಾಗ ಆಯಿತು ಎಂದಳು ಅಜ್ಜಿ. ತಾಳಿ ಕಟ್ಟಿದಾಗ, ಅದೂ ಗುರುವಿನ ಮುಂದೆ ಕಟ್ಟಿದಾಗ ಎಂದರು ಶಾಸ್ತ್ರ ಮಾಡಿಸಿದ ಅಯ್ಯನವರು. ನಮ್ಮ ಸೋದರಮಾವ ಮಾತ್ರ, "ಬೀಗರು ಹೋಳಿಗಿ ಉಂಡು ತೇಗಿದಾಗ ಆಗ್ತೈತ್ರಿ, ಅಲ್ಲೀತನ ನಂಬಾಕಾಗಂಗಿಲ್ಲ," ಎಂದ. ಒಂದೇ ಚಪ್ಪರದಡಿ ಮೂರು ಉತ್ತರ! ಮೇಷ್ಟ್ರ ಕಣ್ಣುಗಳು ಮಿನುಗುತ್ತಿದ್ದವು.

ಆಮೇಲೆ ದೇಶನೂರು. ಗದ್ದೆ ಮಾಡಲು ಆಂಧ್ರದ ಕಡೆಯಿಂದ ಬಂದು ನೆಲೆಸಿದ್ದ ರೈತರ ಮನೆ. ತೆರೆಯ ಈಚೆ ಹುಡುಗ, ಆಚೆ ಹುಡುಗಿ. ಮುಹೂರ್ತಕ್ಕೆ ಸರಿಯಾಗಿ ಇಬ್ಬರೂ ಒಬ್ಬರ ನೆತ್ತಿಯ ಮೇಲೊಬ್ಬರು ಜೀರಿಗೆ ಬೆಲ್ಲದ ಮುದ್ದೆ ಇಟ್ಟು ಒತ್ತಿ ಹಿಡಿದರು. ಪಕ್ಕದಲ್ಲಿದ್ದ ಮುದುಕಿ ಮೇಷ್ಟ್ರ ತೋಳು ತಿವಿದು, "ಜೀಲಕರ್ರ ಬೆಲ್ಲಂ ಪೆಟ್ಟಾರಾ? ಪೆಳ್ಳಿ ಅಯಿಪೋಯಿಂದಿ!" ಎಂದಳು. ತಾಳಿ ಇನ್ನೂ ತಟ್ಟೆಯಲ್ಲೇ ಇತ್ತು. "ತಾಳಿಗಿಂತ ಮೊದ್ಲ ಮದಿವಿ ಆಗಿಬಿಟ್ಟೈತಿ! ಕೇಳಿದಿರೇನ್ರೇ?" ಎಂದು ಮೇಷ್ಟ್ರು ನಮ್ಮ ಕಡೆ ತಿರುಗಿ ಕೂಗಿದರು. ಇಡೀ ಚಪ್ಪರವೇ ನಮ್ಮನ್ನು ತಿರುಗಿ ನೋಡಿತು.

ಚರ್ಚಿನ ಮದುವೆಯಲ್ಲಿ ಪಾದ್ರಿಗಳು ಇಬ್ಬರ ಬಾಯಲ್ಲೂ ಮಾತು ಕೊಡಿಸಿದರು. ಕಷ್ಟದಲ್ಲಿ, ಸುಖದಲ್ಲಿ, ಸಾಯುವ ತನಕ. ಅದಕ್ಕೂ ಮೊದಲೇ ಭಾನುವಾರ ಭಾನುವಾರ ಇಂಥವರ ಮದುವೆ ಇದೆ, ತಕರಾರಿದ್ದವರು ಹೇಳಿ ಎಂದು ಕೂಗಿ ಹೇಳಿರುತ್ತಾರಂತೆ. ಮದುಮಗಳು ಬಿಳಿ ಉಟ್ಟಿದ್ದಳು. ಮೇಷ್ಟ್ರಿಗೆ ಅದೊಂದು ದೊಡ್ಡ ಗೆಲುವು. ಬೌದ್ಧರ ಮದುವೆಗೆ ಬಿಳಿ ಸೀರೆ ಎಂದಾಗ ಕುರುಗೋಡಿನ ಹೆಂಗಸರು, "ಮದಿಮಗಳಿಗೆ ಬಿಳಿ ಸೀರೇನ್ರಿ, ಗಂಡ ಸತ್ತಾಕಿಗೆ ಉಡಿಸಿದಂಗ," ಎಂದು ಗಲ್ಲ ಗಲ್ಲ ಬಡಿದುಕೊಂಡಿದ್ದರು. ಕೊನೆಗೆ ಕೆಂಪು ಅಂಚಿರುವ ಬಿಳಿ ಸೀರೆಗೆ ರಾಜಿಯಾಯಿತು.

ಈ ಸಂಭ್ರಮದ ನಡುವೆ ಗೆಳತಿಗೆ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತು. ಅಪ್ಪನ ಹಾಗೆ ತಾನೂ ಮಕ್ಕಳಿಗೆ ಪಾಠ ಹೇಳಬೇಕೆನ್ನುವುದು ಅವಳ ಚಿಕ್ಕಂದಿನ ಆಸೆ. ಮೇಷ್ಟ್ರು ಕುರುಗೋಡಿಗೆ ಹೋಗಿ ಕೇಳಿದರು. ಮನೆ ನಡೆಸುವ ಹುಡುಗಿಗೆ ಟ್ರೈನಿಂಗ್ ಯಾಕೆ ಎಂದರಂತೆ. ವಾಪಸು ಬಂದವರು ಆ ಮಾತನ್ನು ಗಂಟಲಲ್ಲೇ ಹೇಳಿ, ತಕ್ಷಣ ಮೇಣದಬತ್ತಿ ಎಷ್ಟು ತರಬೇಕು ಎನ್ನುವುದಕ್ಕೆ ಜಿಗಿದರು. ಮಾತು ಕೊಟ್ಟಾಗಿತ್ತು. ಅಪ್ಪನ ಮುಂದೆ ಗೆಳತಿ ಯಾವತ್ತೂ ಎದುರು ಮಾತಾಡಿದವಳಲ್ಲ.

ಅದಾದ ಮೇಲೆ ಖಾಲಾ ಅವರ ತಂಗಿಯ ಮಗಳ ನಿಕಾ. ಗಂಡಸರು ಹೊರಗೆ, ನಾವಿಬ್ಬರೂ ಒಳಗೆ ಹೆಂಗಸರ ಜೊತೆ ಮದುಮಗಳ ಪಕ್ಕದಲ್ಲೇ ಇದ್ದೆವು. ಹಿರಿಯರೊಬ್ಬರು ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಬಾಗಿಲಿಗೆ ಬಂದರು. ಇಂಥವರ ಮಗನ ಜೊತೆ, ಗಂಡು ಕೊಡುವ ಇಷ್ಟು ಮಹರಿನ ಹಣಕ್ಕೆ, ನಿನಗೆ ಒಪ್ಪಿಗೆಯೇ ಎಂದು ಹುಡುಗಿಯನ್ನೇ ಕೇಳಿದರು! ನಾನು ಬೆಪ್ಪಾಗಿ ನೋಡುತ್ತಿದ್ದೆ. ಹುಡುಗಿ ತಲೆ ಇನ್ನೂ ತಗ್ಗಿಸಿದಳು, ಮಾತಿಲ್ಲ. ಅವರು ಆಯಿತೆಂದು ಹೊರಟರು. "ಆಕಿ ಏನೂ ಹೇಳ್ಲೇ ಇಲ್ಲಲ್ಲ ಖಾಲಾ?" ಎಂದೆ. "ಚುಪ್ ಇದ್ರ ಹೂಂ ಅಂದಂಗ ಬೇಟಿ. ಶರಮ್ ಇರೂದಿಲ್ಲೇನು?" ಎಂದು ಖಾಲಾ ನಕ್ಕರು. ಗೆಳತಿ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಚುಚ್ಚುತ್ತಿತ್ತು.

ಹೊರಗೆ ಬಂದು ಹೇಳಿದಾಗ ಮೇಷ್ಟ್ರು ಕೂತ ಕುರ್ಚಿಯಿಂದ ಎದ್ದೇಬಿಟ್ಟರು. "ಕೇಳ್ತಾರ? ಹುಡುಗೀನ್ನ ಕೇಳ್ತಾರ? ಇದಾ ನೋಡ್ರಿ ಆ ಕ್ಷಣ! ಅಕ್ಕಿಕಾಳು, ಬೆಲ್ಲ, ಉಂಗುರ, ಎಲ್ಲಾ ಇದರ ಮ್ಯಾಲಿನ ಅಲಂಕಾರ. ನಮ್ಮದರಾಗೂ ಕೇಳೂದ. ಆದ್ರ ನಮ್ಮದರಾಗ ಚುಪ್ ನಡಿಯಂಗಿಲ್ಲ, ಎಲ್ಲಾರ ಮುಂದ ಬಾಯಿಬಿಟ್ಟು ಹೇಳ್ಬೇಕು!" ದಾರಿಯುದ್ದಕ್ಕೂ ಅದೇ ಮಾತು. ಮನೆ ಬಾಗಿಲಲ್ಲಿ ಗೆಳತಿ, "ಅಂದ್ರ ನನ್ನೂ ಕೇಳ್ತಿಯೇನಪ್ಪ?" ಎಂದಳು. "ಕೇಳದ ಬಿಡ್ತೀನೇನವ್ವ!" ಎಂದರು ಮೇಷ್ಟ್ರು. ಅವರ ಮುಖದಲ್ಲಿ ಅಷ್ಟು ಖುಷಿಯನ್ನು ನಾನು ನೋಡೇ ಇರಲಿಲ್ಲ.

ಮದುವೆಯ ದಿನ ಓಣಿಗೆ ಓಣಿಯೇ ಚಪ್ಪರದಡಿ ಇತ್ತು. ನೋಡಿ ಬರುತ್ತೇನೆ, ಉಣ್ಣುವುದಿಲ್ಲ ಎಂದು ಮನೆಯಲ್ಲಿ ಹೇಳಿ ಅಜ್ಜಿಯೂ ಬಂದಿದ್ದಳು. ಭಿಕ್ಕುಗಳು ಸಿಗಲಿಲ್ಲವಾದ್ದರಿಂದ ಮೇಷ್ಟ್ರೇ ನಿಂತು ನಡೆಸಿದರು. ಬುದ್ಧಂ ಸರಣಂ ಎನ್ನುತ್ತಲೇ ಅಜ್ಜಿ ನನ್ನನ್ನು ತಿವಿದು, "ಇವರೂ ನಮ್ಮಂಗ ಶರಣು ಅಂತಾರಲ್ಲೇ!" ಎಂದಳು. ಶೀಲಗಳು ಮುಗಿದವು. ಮೇಷ್ಟ್ರು ಸುತ್ತಲೂ ನೋಡಿ, ಪಾಠ ಹೇಳುವ ದನಿಯಲ್ಲಿ, ಇದೇ ಮದುವೆಯ ಕ್ಷಣ, ಎಲ್ಲರೂ ಲಕ್ಷ್ಯಗೊಟ್ಟು ಕೇಳಬೇಕೆಂದರು. ಹುಡುಗನನ್ನು ಕೇಳಿದರು. "ಐತ್ರಿ," ಎಂದ.

"ಯವ್ವಾ, ನಿನಗ ಒಪ್ಪಿಗಿ ಐತೇನು?"

ಗೆಳತಿ ತಲೆ ತಗ್ಗಿಸಿ ಕೂತಿದ್ದಳು. ಮಾತಿಲ್ಲ. ಹುಡುಗನ ಅಪ್ಪ, "ಸುಮ್ಮನದಾಳಂದ್ರ ಹೂಂ ಅಂದಂಗಾತು. ಮಾಲಿ ಹಾಕಸ್ರಿ ಮೇಷ್ಟ್ರ," ಎಂದರು. ಮಾಲೆ ಹಾಕಿಸಬಹುದಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಮೇಷ್ಟ್ರು, "ಇಲ್ರಿ, ಬಾಯಿಬಿಟ್ಟು ಹೇಳ್ಬೇಕು," ಎಂದು ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಇನ್ನೊಮ್ಮೆ ಕೇಳಿದರು.

"ಇಲ್ಲಪ್ಪ," ಎಂದಳು. "ಹುಡುಗಂದೇನೂ ತಪ್ಪಿಲ್ಲ. ನಾನು ಟ್ರೈನಿಂಗಿಗೆ ಹೋಗ್ಬೇಕು. ನನಗ ಒಪ್ಪಿಗಿ ಇಲ್ಲ."

ಆಮೇಲೆ ಎದ್ದಿತು ನೋಡಿ ಗದ್ದಲ! ಹುಡುಗನ ಅಜ್ಜಿ, ಯಾವುದಕ್ಕೂ ಇರಲಿ ಎಂದು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ತಾಳಿಯನ್ನು ಹೊರಗೆ ತೆಗೆದು, "ಹುಡುಗಿ ಮಾತೇನ್ ಹಿಡಿತೀರಿ! ಕಟ್ಟಲೇ ಮೊದ್ಲು, ಆಮ್ಯಾಲೆ ಎಲ್ಲಾ ಸರಿಹೋಗ್ತೈತಿ," ಎಂದು ಮೊಮ್ಮಗನ ಕೈಗೆ ತುರುಕಿದಳು. ಮೇಷ್ಟ್ರು ಎದ್ದು ಮಗಳ ಮುಂದೆ ಅಡ್ಡ ನಿಂತರು.

"ನಾ ಕೇಳೀನ್ರಿ. ಆಕಿ ಹೇಳ್ಯಾಳ. ಈಗ ಕಿವಿಗೆ ಬಿದ್ದಿಲ್ಲ ಅನ್ನಾಕ ಹೆಂಗ ಬರ್ತೈತಿ?" ಎಂದು ಎರಡೂ ಕೈ ಜೋಡಿಸಿದರು. "ಊರಾಗಿನ ಮದಿವಿ ಎಲ್ಲಾ ನೋಡಿದೆ, ಮನ್ಯಾಗಿನ ಹುಡುಗಿ ಮುಖ ನೋಡ್ಲಿಲ್ಲ. ತಪ್ಪು ನಂದು. ಅಡಿಗಿ ಆಗೈತಿ. ಉಂಡು ಹೋಗ್ರಿ."

ಕುರುಗೋಡಿನವರು ಉಣ್ಣದೆ ಎದ್ದು ಹೋದರು. ಖಾಲಾ ಮಾತ್ರ ಮೊದಲು ಹೋಗಿ ಎಲೆಯ ಮುಂದೆ ಕೂತರು. ಅವರ ಹಿಂದೆ ಓಣಿಯವರು ಒಬ್ಬೊಬ್ಬರಾಗಿ ಕೂತರು, ನಾನೂ ಕೂತೆ. ನಮ್ಮ ಅಜ್ಜಿ ಹೇಳಿದಂತೆಯೇ ಉಣ್ಣದೆ ಮನೆಗೆ ಹೋದಳು. ನಾನು ಹೋದಾಗ ಹಿತ್ತಲಲ್ಲಿ ಕಾಲು ತೊಳೆದುಕೊಳ್ಳುತ್ತಾ, "ನನ್ನ ಯಾರು ಕೇಳಿದ್ರು... ಕೇಳಿದ್ರ ಏನಂತಿದ್ನೋ ಏನೋ," ಎಂದಳು. ನನಗೆ ಹೇಳಿದಳೋ, ತನಗೇ ಹೇಳಿಕೊಂಡಳೋ.

ಗೆಳತಿ ಟ್ರೈನಿಂಗ್ ಮುಗಿಸಿ ತೆಕ್ಕಲಕೋಟೆಯ ಶಾಲೆಯಲ್ಲಿ ಟೀಚರಾದಳು. ಕೆಲವು ವರ್ಷಗಳ ನಂತರ ಅವಳ ಮದುವೆಯೂ ಆಯಿತು, ಬೇರೆ ಹುಡುಗನ ಜೊತೆ. ಅವತ್ತು ಅವಳು ಹೂಂ ಅಂದದ್ದು ಓಣಿಯ ಆ ತುದಿಗೂ ಕೇಳಿಸಿತ್ತು, ಎಲ್ಲರೂ ಹೋ ಎಂದು ನಕ್ಕಿದ್ದೆವು. ಆದರೆ ಮೇಷ್ಟ್ರ ನೆಂಟರು ಬಹಳ ವರ್ಷ ಅವರನ್ನು ಯಾವ ಮದುವೆಗೂ ಕರೆಯಲಿಲ್ಲ. ಮದುವೆಯೆಂದರೆ ಅಷ್ಟು ಕುಣಿಯುತ್ತಿದ್ದ ಮನುಷ್ಯ... ಅದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ನನ್ನ ಮದುವೆಗೆ ಬಂದಿದ್ದರು. ಅರಿಶಿನ ಹಚ್ಚುವ ದಿನ ಕಟ್ಟೆಯ ಮೇಲಿಂದಲೇ ನನ್ನನ್ನು ಕರೆದು, "ನಿನ್ನ ಯಾರರ ಕೇಳ್ಯಾರೇನವ್ವ?" ಎಂದರು. ಇಲ್ಲ ಎಂದೆ. "ಹಂಗಾದ್ರ ನಾ ಕೇಳ್ತೀನಿ. ಒಪ್ಪಿಗಿ ಐತೇನು?" ನಾಚಿಕೆಯಿಂದ ತಲೆ ತಗ್ಗಿಸಿದೆ. ಬಿಡಲಿಲ್ಲ, ಬಾಯಿಬಿಟ್ಟು ಹೂಂ ಅನ್ನಿಸಿಕೊಂಡೇ ಹೋದರು. ನನ್ನ ಗಂಡ ಈ ಕಥೆ ಕೇಳಿದಾಗಲೆಲ್ಲ, ನಿನ್ನ ಮದುವೆ ಆ ಕಟ್ಟೆಯ ಮೇಲೇ ಆಗಿಹೋಗಿತ್ತು ಬಿಡು ಎಂದು ಛೇಡಿಸುತ್ತಿದ್ದರು.

ಎಂಬತ್ತರ ದಶಕ ಮುಗಿಯುವ ಮುಂಚೆಯೇ ಮೇಷ್ಟ್ರು ಹೋಗಿಬಿಟ್ಟರು. ನಾನು ಆಗ ಸಿರುಗುಪ್ಪದಲ್ಲಿದ್ದೆ, ಸುದ್ದಿ ತಡವಾಗಿ ತಿಳಿಯಿತು, ಮುಖ ನೋಡಲಾಗಲಿಲ್ಲ.

ಮುಂದಿನ ತಿಂಗಳು ನನ್ನ ಮೊಮ್ಮಗಳ ಮದುವೆ. ಮೊನ್ನೆ ಅವಳೊಬ್ಬಳೇ ಸಿಕ್ಕಾಗ ಪಕ್ಕಕ್ಕೆ ಕೂರಿಸಿಕೊಂಡು, "ನಿನಗ ಒಪ್ಪಿಗಿ ಐತೇನ?" ಎಂದು ಕೇಳಿದೆ. ಹುಡುಗಿ ಫೋನಿನಿಂದ ತಲೆ ಎತ್ತಿ ನಕ್ಕಳು. "ಏನಜ್ಜಿ, ಹಾಲ್ ಬುಕ್ ಆಗೇತಿ, ಕಾರ್ಡ್ ಹಂಚೇವಿ, ಈಗ ಕೇಳ್ತಿಯಲ್ಲ!" ಎಂದು ನನ್ನ ಗಲ್ಲ ಹಿಂಡಿ ಎದ್ದು ಹೋದಳು. ಅದು ಹೂಂ ಹೌದೋ ಅಲ್ಲವೋ ನನಗೆ ತಿಳಿಯಲಿಲ್ಲ.

ಇನ್ನೊಮ್ಮೆ ಕೇಳಬೇಕು ಎಂದುಕೊಳ್ಳುತ್ತಲೇ ಇದ್ದೇನೆ, ಬಾಯಿ ಬರುತ್ತಿಲ್ಲ. ಮೇಷ್ಟ್ರು ಇನ್ನೊಮ್ಮೆ ಕೇಳಿದ್ದರು. ಒಳಗೆ ಅಡುಗೆ ಆಗಿತ್ತು, ಎದುರಿಗೆ ಬೀಗರು ಕೂತಿದ್ದರು.