ಹಾಲಿಗೆ ನೀರು ಬೆರೆಸಿದ ಖಾಲಿ ಬೈಟ್

ಬೇಮಳಖೇಡದ ಶಾಂತಾಬಾಯಿ ಹಾಲಿಗೆ ನೀರು ಬೆರೆಸುತ್ತಾಳೆ. ಹಾಗೆಂದು ಊರಿಗೆಲ್ಲ ಸಾರಿದವನು ನಾನು.

(ಬೆರೆಸಿಲ್ಲ. ಅದನ್ನೂ ನಾನೇ ಹೇಳಬೇಕು.)

ನನ್ನ ಮನೆ ಬಸವಕಲ್ಯಾಣ, ಅಂಗಡಿ ಹುಮನಾಬಾದ್, ಕಸುಬು ಪ್ರೋಗ್ರಾಂ ಬರೆಯುವುದು. ಬೇಮಳಖೇಡದ ಡೇರಿಗೆ ಹಾಲಿನಲ್ಲಿ ನೀರೆಷ್ಟೆಂದು ಅಳೆಯುವ ಹೊಸ ಮಷೀನ್ ಬಂತು. ಅದು ಹೇಳಿದ್ದನ್ನು ದೊಡ್ಡ ಪರದೆಯ ಮೇಲೆ ತೋರಿಸುವುದು ನನ್ನ ಪ್ರೋಗ್ರಾಂ. ಪರೀಕ್ಷೆ ಮಾಡಿದ ದಿನ ಎಲ್ಲರ ಹಾಲಿನಲ್ಲೂ ನೀರು ಸೊನ್ನೆ. ಬೆನ್ನು ತಟ್ಟಿಸಿಕೊಂಡು ಬಂದೆ.

ಮುಂದಿನ ವಾರ ಶಾಂತಾಬಾಯಿಯ ಸರದಿ ಬಂದಾಗ ಪರದೆ ಹೇಳಿತು: ನೀರು ಶೇಕಡಾ 25.6. ಹಿಂದೆ ನಿಂತವರೆಲ್ಲ ನಕ್ಕರಂತೆ.

"ನಾ ನೀರ ಹಾಕಿಲ್ರಿ, ನಮ್ಮ ಎಮ್ಮಿ ಆಣಿ" ಅಂದಳಂತೆ. ಆಣೆಯನ್ನು ಯಾರು ಕೇಳುತ್ತಾರೆ? ಹಾಲು ವಾಪಸ್.

ಸಂಜೆ ಡೇರಿ ಸೆಕ್ರೆಟರಿಯ ಫೋನ್. "ಸರ್, ಮಷೀನದಾಗ 0.1 ಅಂತ ಐತ್ರಿ. ನಿಮ್ಮ ಪರದಿ ಯಾಕ ಹಿಂಗ ತೋರ್ಸಾಕತ್ತೈತಿ?"

ಕೋಡ್ ತೆರೆದು ಕೂತೆ. ಮಷೀನಿನ ಜೊತೆ ಬಂದ ಸಿದ್ಧ ಕೋಡ್, ಅಂದರೆ ಲೈಬ್ರರಿ, ಸಿ ಎಂಬ ಕಂಪ್ಯೂಟರ್ ಭಾಷೆಯದು, ನನ್ನ ಪ್ರೋಗ್ರಾಂ ಬೇರೆ ಭಾಷೆಯದು. ಮೆಮೊರಿಯಲ್ಲಿ ಯಾವುದು ಎಲ್ಲಿದೆ ಎಂಬುದರಲ್ಲಿ ಇಬ್ಬರೂ ಒಪ್ಪಬೇಕು. ಆಕಳೋ ಎಮ್ಮೆಯೋ ಎನ್ನುವುದಕ್ಕೆ ಒಂದು ಬೈಟ್ ಜಾಗ, ನೀರಿನ ಅಂಕಿಗೆ ಎರಡು. ಇವುಗಳ ನಡುವೆ ಸಿ ಒಂದು ಬೈಟ್ ಖಾಲಿ ಬಿಡುತ್ತದೆ, ಊಟದ ಪಂಕ್ತಿಯಲ್ಲಿ ಒಂದು ಎಲೆ ಬಿಟ್ಟು ಕೂತ ಹಾಗೆ. ನನ್ನ ಪ್ರೋಗ್ರಾಂ ಆ ಖಾಲಿ ಜಾಗದಿಂದಲೇ ಅಂಕಿ ಓದತೊಡಗಿತ್ತು. ಸೊನ್ನೆಯನ್ನು ಎಲ್ಲಿಂದ ಓದಿದರೂ ಸೊನ್ನೆ. 0.1 ಮಾತ್ರ ಒಂದು ಬೈಟ್ ಸರಿದು ಇನ್ನೂರೈವತ್ತಾರು ಪಟ್ಟಾಯಿತು, 25.6. ಎರರ್ ಇಲ್ಲ, ಏನಿಲ್ಲ. ಕ್ರ್ಯಾಶ್ ಆಗಿದ್ದರೆ ಎಷ್ಟು ಚೆನ್ನಾಗಿತ್ತು!

ತಿದ್ದಿದೆ. ಮರುದಿನವೇ ಬೇಮಳಖೇಡಕ್ಕೆ ಹೋಗಿ, ಹಾಲು ಹಾಕಲು ಬಂದವರ ಮುಂದೆ ಕೈಮುಗಿದು ತಪ್ಪು ನನ್ನದೆಂದೆ. ಎಲ್ಲರೂ ಆಯಿತೆಂದು ತಲೆಯಾಡಿಸಿದರು. ಒಬ್ಬ ಹಿರಿಯರು ಮಾತ್ರ, "ಕಂಪ್ಯೂಟರ್ ಪೈಲೆ ಸುಳ್ಳ ಹೇಳಿತ್ತೋ, ಈಗ ಹೇಳಾಕತ್ತೈತೋ, ಯಾರಿಗ್ ಗೊತ್ರಿ?" ಅಂದರು.

ಶಾಂತಾಬಾಯಿ ಡೇರಿಗೆ ಬಂದಿರಲಿಲ್ಲ. ಮನೆಗೇ ಹೋದೆ. ಅವಳ ಇನ್ನೊಂದು ಎಮ್ಮೆ ಈದಿತ್ತು. ಎಮ್ಮೆ ಈದರೆ ಓಣಿಗೆಲ್ಲ ಮೊದಲ ಹಾಲಿನ ಗಿಣ್ಣ ಹಂಚುವುದು ರೂಢಿ. ಪಡಸಾಲೆಯಲ್ಲಿ ಎರಡು ತಟ್ಟೆ ಹಾಗೇ ಇದ್ದವು. ನೀರು ಬೆರೆಸುವವಳ ಗಿಣ್ಣ ಬೇಡವೆಂದು ಪಕ್ಕದ ಮನೆಗಳವರು ವಾಪಸ್ ಕಳಿಸಿದ್ದರು.

"ನೀವ್ ಬಂದ್ ಹೇಳಿದ್ರಿ, ಚಲೋ ಆತ್ರಿ ಅಣ್ಣಾ. ಆದ್ರ ಮಂದಿ ನಕ್ಕಿದ್ದು ಹ್ಯಾಂಗ ಅಳಸ್ತೀರಿ?" ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ನನಗೂ ಒಂದು ತಟ್ಟೆ ತಂದಿಟ್ಟಳು. ಚಮಚದಿಂದ ಒತ್ತಿ ನೋಡಿದೆ, ಗಟ್ಟಿಯಾಗಿತ್ತು.

ನೀರು ಹೆಚ್ಚಾದರೆ ಗಿಣ್ಣ ಗಟ್ಟಿಯಾಗುವುದೇ ಇಲ್ಲ ಎಂದು ಬಲ್ಲ ಓಣಿಯೇ ಆ ಗಟ್ಟಿ ಗಿಣ್ಣವನ್ನು ಹಿಂದಕ್ಕೆ ಕಳಿಸಿದ ಮೇಲೆ, ನಾನು ತಿದ್ದಿದ ಪ್ರೋಗ್ರಾಂ ಯಾರಿಗೆ ಬೇಕು?