ರಬ್ಬರಮ್ಮ

ಆಕೆಗೆ ರಬ್ಬರಮ್ಮ ಎಂದು ಹೆಸರಿಟ್ಟವಳು ನಾನೇ. ನನ್ನದು ಹಳೆ ಪುಸ್ತಕದ ಅಂಗಡಿ. ಗಿರಾಕಿಗಳಿಗೆ ಅಡ್ಡಹೆಸರು ಇಡದಿದ್ದರೆ ನನಗೆ ಹೊತ್ತು ಹೋಗುವುದಿಲ್ಲ. ಆಕೆ ಬಟ್ಟೆ ಹೊಲಿಯುವವಳು, ಗಂಡ ಬಸ್ಸುಗಳ ಮೆಕ್ಯಾನಿಕ್. ಮಗಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಹಾಗಾಗಿ ಅವಳಿಗೂ ಅವಳ ತಮ್ಮನಿಗೂ ಮನೆಯಲ್ಲೇ ಪಾಠ.

ವರ್ಷಕ್ಕೊಮ್ಮೆ ನಾಲ್ವರೂ ಬರುತ್ತಿದ್ದರು. ಬಂದರೆಂದರೆ ಅವತ್ತು ನನ್ನ ಊಟ ತಡ. ಗಂಡ ಮೂಲೆ ಹಿಡಿದು ಕಾದಂಬರಿಯಲ್ಲಿ ಮುಳುಗುತ್ತಿದ್ದ. ಹುಡುಗಿ ನನ್ನ ಸ್ಟೂಲನ್ನೇ ಕಬಳಿಸಿ, ತಮ್ಮನಿಗೆ ಕತೆ ಓದಿ ಹೇಳುತ್ತಿದ್ದಳು. ಆಕೆ ಮಾತ್ರ ಅಭ್ಯಾಸದ ಪುಸ್ತಕಗಳನ್ನು ಆರಿಸಿ, ಹಿಂದಿನ ಮಕ್ಕಳು ಪೆನ್ಸಿಲಿನಲ್ಲಿ ಬರೆದ ಉತ್ತರಗಳನ್ನೆಲ್ಲ ಅಲ್ಲೇ ಕೂತು ರಬ್ಬರಿನಿಂದ ಉಜ್ಜುತ್ತಿದ್ದಳು. ವರ್ಷ ಮುಗಿದ ಮೇಲೆ ತನ್ನ ಮಕ್ಕಳು ಬರೆದದ್ದನ್ನೂ ಹಾಗೇ ಅಳಿಸಿ ವಾಪಸ್ ತಂದು, ಮುಂದಿನ ತರಗತಿಯದನ್ನು ಒಯ್ಯುತ್ತಿದ್ದಳು. "ನಿಮ್ಮಷ್ಟು ಚೊಕ್ಕವಾಗಿ ಯಾರೂ ತರಲ್ಲ ನೋಡಿ" ಎಂದು ನಾನು ಬಾಯ್ತುಂಬ ಹೊಗಳುತ್ತಿದ್ದೆ. ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಹನ್ನೊಂದು ತುಂಬುವ ಮೊದಲೇ ಹುಡುಗಿ ತೀರಿಕೊಂಡಳು. ಮೂರು ತಿಂಗಳ ನಂತರ ಆಕೆ ಒಬ್ಬಳೇ ಬಂದಳು.

"ಅಕ್ಕಾ, ನಾನು ವಾಪಸ್ ಕೊಟ್ಟ ಪುಸ್ತಕ ಯಾವುದಾದ್ರೂ ಉಳಿದಿದ್ಯಾ? ಅವಳ ಕೈಬರಹ ಒಂದು ಸಾಲು ಸಿಕ್ಕಿದ್ರೆ ಸಾಕು."

"ಮನೇಲಿ ಏನೂ ಇಲ್ವಾ ತಾಯಿ?"

"ಸ್ಲೇಟ್ ಮೇಲೆ ಬರೀತಿದ್ಲು, ಇಲ್ಲಾಂದ್ರೆ ಪುಸ್ತಕದಲ್ಲಿ. ಕೊನೇ ವರ್ಷದ್ದೂ ಅಳಿಸಿಬಿಟ್ಟೆ, ಆಸ್ಪತ್ರೇಲಿ ಅವಳ ಪಕ್ಕ ಕೂತ್ಕೊಂಡೇ. ಮುಂದಿನ ಕ್ಲಾಸಿಂದು ತರಬೇಕಿತ್ತಲ್ಲ."

ಶಾಲೆಗೆ ಹೋದ ಮಗುವಾಗಿದ್ದರೆ ಒಂದು ಉತ್ತರಪತ್ರಿಕೆಯಾದರೂ ಎಲ್ಲೋ ಸಿಗುತ್ತಿತ್ತು. ಎರಡು ದಿನ ಅಂಗಡಿಯನ್ನು ತಲೆಕೆಳಗು ಮಾಡಿದೆ. ಆಕೆ ಕೊಟ್ಟಿದ್ದ ಐದು ಪುಸ್ತಕ ಸಿಕ್ಕವು. ಐದೂ ಬೆಳ್ಳಗೆ, ನಾನು ಹೊಗಳಿದಷ್ಟೇ ಚೊಕ್ಕ.

ಆಗ ನನಗೆ ಕೆಟ್ಟ ಬುದ್ಧಿ ಬಂತು. ಯಾರೋ ಬೇರೆಯವರು ಮಾರಿಹೋದ, ಆ ಹುಡುಗಿ ಓದಿದ್ದ ತರಗತಿಯದೇ ಪುಸ್ತಕವೊಂದಿತ್ತು. ಒಳಗೆ ಮಗುವಿನ ದುಂಡು ಅಕ್ಷರ, ಹೆಸರಿಲ್ಲ. ಆಕೆ ಮತ್ತೆ ಬಂದಾಗ ಅದನ್ನೇ ಕೈಗಿಟ್ಟು, "ಇದೊಂದು ಅಳಿಸೋದು ಮರೆತಿದ್ರಿ ಅನ್ಸುತ್ತೆ" ಎಂದೆ. ಸುಳ್ಳಾದರೂ ಆ ಜೀವಕ್ಕೆ ನೆಮ್ಮದಿಯಾಗಲಿ ಎಂದುಕೊಂಡೆ. ಕೈಹಿಡಿದು ಅ ಆ ತಿದ್ದಿಸಿದ ತಾಯಿಗೆ ಮಗಳ ಅಕ್ಷರದ ಗುರುತು ಸಿಗುವುದಿಲ್ಲ ಎಂದು ನಂಬಿದ ನನ್ನ ಬುದ್ಧಿಗೆ ಏನನ್ನಬೇಕು!

ಆಕೆ ಒಂದು ಪುಟವನ್ನೂ ಬಿಡದೆ ನೋಡಿದಳು. ನನ್ನ ಮೇಲೆ ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಪುಸ್ತಕ ಮುಚ್ಚಿ ನನ್ನ ಕೈಗೇ ವಾಪಸ್ ಕೊಟ್ಟಳು.

"ನನ್ನ ಮಗಳದ್ದಲ್ಲ ಅಕ್ಕಾ" ಎಂದಳು. "ಆದ್ರೂ ಇದನ್ನ ಮಾರಬೇಡಿ. ಈ ಮಗೂನ ಅಮ್ಮ ಹುಡುಕ್ಕೊಂಡು ಬಂದ್ರೂ ಬರಬಹುದು."